ಕೊಟ್ಟಿಗೆ ತೊಳೆಯುವ ಸರಿಯಾದ ಕ್ರಮ: ಕಡಿಮೆ ನೀರಿನಲ್ಲಿ ಬ್ಯಾಕ್ಟೀರಿಯಾ ಹತೋಟಿ

“ದಿನಾ ಎರಡು ಹೊತ್ತು ಪೈಪ್ ಹಿಡಿದು ತೊಳೀತೀವಿ. ಫಿನಾಯಿಲ್ ಹಾಕ್ತೀವಿ. ಆದ್ರೂ ಕೆಚ್ಚಲು ಬಾವು ಬಿಡ್ತಿಲ್ಲ, ನೊಣ ಕಮ್ಮಿ ಆಗ್ತಿಲ್ಲ.” ಹಸು ಸಾಕುವವರು ಸಿಕ್ಕಾಗಲೆಲ್ಲ ಕೇಳುವ ಮಾತು ಇದು. ಅವರ ಕೊಟ್ಟಿಗೆಗೆ ಹೋಗಿ ನೋಡಿದರೆ ಶ್ರಮಕ್ಕೇನೂ ಕೊರತೆ ಇರುವುದಿಲ್ಲ. ತಪ್ಪಿರುವುದು ಕೆಲಸದ ಕ್ರಮ. ಸಗಣಿ ಬಳಿಯುವ ಮೊದಲೇ ನೀರು ಬಿಡುತ್ತಾರೆ. ನೀರು ನಿಂತಿರುವಾಗಲೇ ಔಷಧಿ ಸುರಿಯುತ್ತಾರೆ. ಔಷಧಿ ಒಣಗುವ ಮೊದಲೇ ಹಸು ಕಟ್ಟುತ್ತಾರೆ.

ಸಗಣಿ ಇದ್ದ ಕಡೆ ಬ್ಲೀಚಿಂಗ್ ಹಾಕಿದರೆ ಅದರ ಶಕ್ತಿಯೆಲ್ಲ ಸಗಣಿಯ ಮೇಲೇ ಖರ್ಚಾಗುತ್ತದೆ, ಕೆಳಗಿನ ಬ್ಯಾಕ್ಟೀರಿಯಾ ಹಾಗೇ ಉಳಿಯುತ್ತದೆ. ನೀರು ಜಾಸ್ತಿ ಬಿಟ್ಟಷ್ಟೂ ನೆಲ ಒಣಗುವುದಿಲ್ಲ. ಒದ್ದೆ ನೆಲ, ಬೆಚ್ಚಗಿನ ಗಾಳಿ, ಸ್ವಲ್ಪ ಸಗಣಿ ಇಷ್ಟು ಸಿಕ್ಕರೆ ಬ್ಯಾಕ್ಟೀರಿಯಾಕ್ಕೆ ಬೇರೇನೂ ಬೇಡ. ಹದ ಸರಿಯಾಗಿ ಸಿಕ್ಕರೆ ಸಗಣಿಯಲ್ಲಿರುವ ಇ-ಕೋಲೈ ಅನ್ನುವ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಅದಕ್ಕೇ ನೀರು ಉಳಿಸುವುದೂ ರೋಗ ತಡೆಯುವುದೂ ಕೊಟ್ಟಿಗೆಯಲ್ಲಿ ಒಂದೇ ಕೆಲಸ.

ಕೆಳಗೆ ಹೇಳಿರುವುದು ನಾಲ್ಕು ಹಸುವಿನ, ಸುಮಾರು 10 ಅಡಿಗೆ 20 ಅಡಿಯ ಸಿಮೆಂಟ್ ನೆಲದ ಕೊಟ್ಟಿಗೆಯ ಲೆಕ್ಕ. ನಿಮ್ಮದು ದೊಡ್ಡದಿದ್ದರೆ ಅಳತೆ ಹೆಚ್ಚಿಸಿಕೊಳ್ಳಿ, ಕ್ರಮ ಮಾತ್ರ ಬದಲಿಸಬೇಡಿ.

ಮೊದಲು ನಿಮ್ಮ ನೀರಿನ ಲೆಕ್ಕ ನೋಡಿ

ಒಂದು 15 ಲೀಟರ್ ಬಕೆಟ್ ತಗೊಳ್ಳಿ. ನೀವು ಕೊಟ್ಟಿಗೆ ತೊಳೆಯುವ ಪೈಪನ್ನು ಅದರೊಳಗೆ ಬಿಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಮೊಬೈಲಿನಲ್ಲಿ ನೋಡಿ. 45 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 20 ಲೀಟರ್ ಹೋಗುತ್ತಿದೆ ಅಂತ ಅರ್ಥ. ಬೆಳಗ್ಗೆ 15 ನಿಮಿಷ, ಸಂಜೆ 15 ನಿಮಿಷ ತೊಳೆದರೆ ದಿನಕ್ಕೆ 600 ಲೀಟರ್. ಹಾಲು ಕೊಡುವ ಒಂದು ಹಸು ಬೇಸಿಗೆಯಲ್ಲಿ ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ. ನಾಲ್ಕು ಹಸು ಕುಡಿಯುವುದಕ್ಕಿಂತ ಜಾಸ್ತಿ ನೀರನ್ನು ನೆಲ ಕುಡಿಯುತ್ತಿದೆ!

ನಾನು ಈಗ ಸಗಣಿ ಬಳಿದ ಮೇಲೆ ಒಂದು ಹೊತ್ತಿಗೆ ನಾಲ್ಕು ಬಕೆಟ್ ಹಾಕುತ್ತೇನೆ. ಎರಡು ಹೊತ್ತಿಗೆ 120 ಲೀಟರ್. ಬೋರ್‌ವೆಲ್ ಸಾವಿರ ಅಡಿ ದಾಟಿರುವ ನಮ್ಮ ಕೋಲಾರದ ಕಡೆ ಇದು ಸಣ್ಣ ಉಳಿತಾಯ ಅಲ್ಲ.

ಯಾವ ಕೆಲಸ ಯಾವಾಗ

ಒಣದಾಗಿ ಬಳಿಯುವುದು ದಿನಕ್ಕೆ ಕನಿಷ್ಠ ಎರಡು ಸಲ. ಹಸು ಮಲಗುವ ರಬ್ಬರ್ ಮ್ಯಾಟ್ ಎತ್ತಿ ತೊಳೆಯುವುದು ವಾರಕ್ಕೊಮ್ಮೆ. ಕೆಳಗಿನ ಒಂಬತ್ತೂ ಹಂತ ಸೇರಿದ ಪೂರ್ತಿ ಶುದ್ಧೀಕರಣ ತಿಂಗಳಿಗೊಮ್ಮೆ ಸಾಕು. ಇದರ ಜೊತೆಗೆ ಹೊಸ ಹಸು ತರುವ ಮುಂಚೆ, ಕರು ಹಾಕುವ ಜಾಗ ಸಿದ್ಧ ಮಾಡುವಾಗ, ಯಾವುದೇ ರೋಗ ಬಂದು ಹೋದ ಮೇಲೆ ತಪ್ಪದೆ ಮಾಡಿ.

ಬಿಸಿಲಿರುವ ದಿನ ಆರಿಸಿ. ಬೆಳಗ್ಗೆ ಹಾಲು ಕರೆದು ಮುಗಿದ ಮೇಲೆ ಶುರು ಮಾಡಿದರೆ ಸಂಜೆ ಕರೆಯುವ ಹೊತ್ತಿಗೆ ನೆಲ ಒಣಗಿರುತ್ತದೆ. ಮೋಡ ಮುಸುಕಿದ ದಿನ ಮಾಡಬೇಡಿ. ಅರ್ಧ ಕೆಲಸ ಬಿಸಿಲಿನದ್ದೇ.

ಬೇಕಾದ ಸಾಮಾನು

ಸಗಣಿ ಎಳೆಯುವ ಹಲಗೆ ಅಥವಾ ಸಲಿಕೆ, ಬಾಂಡ್ಲಿ, ತೆಂಗಿನ ಕಡ್ಡಿ ಪೊರಕೆ, ಉದ್ದ ಹಿಡಿಯ ಗಟ್ಟಿ ಬ್ರಷ್, ನೆಲದ ನೀರು ಎಳೆಯುವ ರಬ್ಬರ್ ವೈಪರ್, ಎರಡು ಬಕೆಟ್, 16 ಲೀಟರಿನ ಬೆನ್ನಿಗೆ ಹಾಕುವ ಸ್ಪ್ರೇಯರ್. ಪೈಪ್ ಬಳಸುವುದಾದರೆ ಅದರ ತುದಿಗೆ ಒತ್ತಿದಾಗ ಮಾತ್ರ ನೀರು ಬಿಡುವ ಗನ್ ಹಾಕಿಸಿ. ಮೈಗೆ ಗಂಬೂಟು, ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ.

ಸ್ಪ್ರೇಯರ್ ಬಗ್ಗೆ ಒಂದು ಮಾತು. ತೋಟಕ್ಕೆ ಕಳೆನಾಶಕವನ್ನೋ ಕೀಟನಾಶಕವನ್ನೋ ಹೊಡೆದ ಕ್ಯಾನನ್ನು ಎಷ್ಟೇ ತೊಳೆದರೂ ಕೊಟ್ಟಿಗೆಗೆ ತರಬೇಡಿ. ಹಸು ಗೋದಲಿಯನ್ನು ನೆಕ್ಕುತ್ತದೆ, ಕಂಬವನ್ನೂ ನೆಕ್ಕುತ್ತದೆ. ಕೊಟ್ಟಿಗೆಗೇ ಬೇರೆ ಕ್ಯಾನ್ ಇಟ್ಟು ಅದರ ಮೇಲೆ ಪೇಂಟಿನಲ್ಲಿ ಬರೆದುಬಿಡಿ.

ಹಂತ 1: ಹಸು ಹೊರಗೆ, ಕರೆಂಟ್ ಬಂದ್

ಎಲ್ಲ ಹಸು, ಕರುಗಳನ್ನು ನೆರಳಿಗೆ ಕಟ್ಟಿ. ನೀರು, ಮೇವು ಅಲ್ಲೇ ಕೊಡಿ. ಉಳಿದ ಮೇವು, ಹಿಂಡಿ ಚೀಲ, ಹಾಲಿನ ಕ್ಯಾನ್, ಹಗ್ಗ ಎಲ್ಲ ಹೊರಗೆ ಬರಲಿ. ಹಾಲು ಕರೆಯುವ ಮಷೀನ್ ಇದ್ದರೆ ತೆಗೆದಿಡಿ, ಮೋಟರಿಗೆ ಪ್ಲಾಸ್ಟಿಕ್ ಹೊದಿಸಿ. ಮೇನ್ ಸ್ವಿಚ್ ಆಫ್ ಮಾಡಿ. ಒದ್ದೆ ನೆಲದಲ್ಲಿ ಕರೆಂಟ್ ಹೊಡೆದರೆ ಎರಡನೇ ಅವಕಾಶ ಸಿಗುವುದಿಲ್ಲ.

ಹಂತ 2: ಒಂದು ಹನಿ ನೀರಿಲ್ಲದೆ ಒಣ ಕೆಲಸ

ಹೆಚ್ಚು ಜನ ಅವಸರದಲ್ಲಿ ಹಾರಿಸುವ ಹಂತ ಇದು. ಉಳಿದೆಲ್ಲ ನಿಂತಿರುವುದೂ ಇದರ ಮೇಲೇ.

ಮೇಲಿನಿಂದ ಕೆಳಕ್ಕೆ ಬನ್ನಿ. ಮೊದಲು ಸೂರಿನ ಜೇಡರ ಬಲೆ, ಆಮೇಲೆ ಗೋಡೆಯ ಧೂಳು, ಆಮೇಲೆ ಗೋದಲಿಯಲ್ಲಿ ಉಳಿದ ಮೇವು, ಕೊನೆಗೆ ನೆಲ. ಸಗಣಿಯನ್ನು ಹಲಗೆಯಿಂದ ಎಳೆದು ಬಾಂಡ್ಲಿಗೆ ತುಂಬಿ ತಿಪ್ಪೆಗೆ ಹಾಕಿ. ಒಣಗಿ ಅಂಟಿಕೊಂಡಿದ್ದರೆ ಸಲಿಕೆಯ ಅಂಚಿನಿಂದ ಕೆರೆಯಿರಿ. ಗಂಜಲದ ಕಾಲುವೆಯ ತಳದಲ್ಲಿ ಕೂತಿರುವ ಕೆಸರನ್ನೂ ತೆಗೆಯಿರಿ. ಅಲ್ಲಿ ನೊಣ ಮೊಟ್ಟೆ ಇಡುತ್ತದೆ. ಬಿಸಿ ಕಾಲದಲ್ಲಿ ಮೊಟ್ಟೆಯಿಂದ ನೊಣ ಆಗುವುದಕ್ಕೆ ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಕಾಲುವೆ ಕೆರೆದರೆ ಆ ಸರಪಣಿ ತುಂಡಾಗುತ್ತದೆ.

ಗೋಡೆಯ ಬಿರುಕುಗಳನ್ನು ಟಾರ್ಚ್ ಬಿಟ್ಟು ನೋಡಿ. ಉಣ್ಣೆಗಳು ಹಸುವಿನ ಮೈಯಿಂದ ಉದುರಿ ಅಲ್ಲೇ ಮೊಟ್ಟೆ ಇಡುತ್ತವೆ. ಅಲ್ಲಿಗೆ ಸುಣ್ಣ ತುಂಬಿ, ಆಮೇಲೆ ಒಂದು ದಿನ ಸಿಮೆಂಟ್ ಹಾಕಿ ಮುಚ್ಚಿಬಿಡಿ.

ಹಂತ ಮುಗಿದಿದೆ ಅಂತ ಹೇಗೆ ಗೊತ್ತಾಗುತ್ತದೆ? ಪೊರಕೆ ಎಳೆದಾಗ ಹಿಂದೆ ಹಸಿರು ಗೆರೆ ಬೀಳಬಾರದು. ಬೀಳುತ್ತಿದ್ದರೆ ಇನ್ನೂ ನೀರು ಮುಟ್ಟಬೇಡಿ.

ಹಂತ 3: ರಬ್ಬರ್ ಮ್ಯಾಟ್ ಎತ್ತಿ

ನಮ್ಮ ಪಕ್ಕದ ಮನೆಯ ಅಕ್ಕನಿಗೆ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು. ಎರಡಕ್ಕೂ ಒಂದಾದ ಮೇಲೊಂದು ಕೆಚ್ಚಲು ಬಾವು. “ನೋಡಪ್ಪಾ, ಮ್ಯಾಟ್ ಮೇಲೆ ಅನ್ನ ಬಡಿಸಿದ್ರೂ ತಿನ್ನಬಹುದು, ಅಷ್ಟು ನೀಟಾಗಿ ಇಟ್ಟಿದೀನಿ” ಅಂದರು. ನಿಜ, ಮೇಲ್ಭಾಗ ಫಳಫಳ ಅನ್ನುತ್ತಿತ್ತು. ಇಬ್ಬರೂ ಸೇರಿ ಒಂದು ತುದಿ ಎತ್ತಿದೆವು. ಮ್ಯಾಟ್ ನೆಲ ಬಿಡುವಾಗ ಪಚಕ್ ಅಂತ ಸದ್ದಾಯಿತು. ಕೆಳಗೆ ಬೆರಳು ದಪ್ಪ ಕಪ್ಪು ಲೋಳೆ. ಅದರೊಳಗೆ ಬಿಳಿ ಹುಳ ಓಡಾಡುತ್ತಿದ್ದವು. ವಾಸನೆಗೆ ಕಣ್ಣು ಉರಿಯಿತು. ಅಕ್ಕ ಸೆರಗು ಮೂಗಿಗೆ ಹಿಡಿದು ಸುಮ್ಮನೆ ನಿಂತರು. ಹಸು ಮಲಗಿದಾಗ ಅದರ ಭಾರಕ್ಕೆ ಆ ಲೋಳೆ ಮ್ಯಾಟಿನ ಅಂಚಿನಿಂದ ಮೇಲೆ ಉಕ್ಕುತ್ತದೆ. ಕೆಚ್ಚಲು ಇರುವುದು ಸರಿಯಾಗಿ ಅದೇ ಜಾಗದಲ್ಲಿ.

ಮ್ಯಾಟ್ ಭಾರ ಇರುತ್ತದೆ, ಒಬ್ಬರೇ ಎಳೆದು ಸೊಂಟ ಹಿಡಿಸಿಕೊಳ್ಳಬೇಡಿ. ಇಬ್ಬರು ಸೇರಿ ಸುರುಳಿ ಸುತ್ತಿ ಹೊರಗೆ ತನ್ನಿ. ಎರಡೂ ಕಡೆ ಬ್ರಷ್‌ನಲ್ಲಿ ಉಜ್ಜಿ ಬಿಸಿಲಿಗೆ ಒರಗಿಸಿ ನಿಲ್ಲಿಸಿ. ನೆಲಕ್ಕೆ ಹಾಸಿ ಒಣಗಿಸಿದರೆ ಕೆಳಭಾಗ ಒಣಗುವುದೇ ಇಲ್ಲ.

ಹಂತ 4: ನೆನೆಸಿ, ಆಮೇಲೆ ಉಜ್ಜಿ

ಒಂದು ಬಕೆಟ್ ನೀರಿಗೆ 200 ಗ್ರಾಂ ಬಟ್ಟೆ ಸೋಡ ಕರಗಿಸಿ. ಬಿಸಿ ನೀರಾದರೆ ಇನ್ನೂ ಒಳ್ಳೆಯದು. ಇದು ಅಡುಗೆ ಸೋಡ ಅಲ್ಲ, ಅಂಗಡಿಯಲ್ಲಿ ವಾಷಿಂಗ್ ಸೋಡ ಅಂತಲೇ ಕೇಳಿ. ಪೊರಕೆಯಲ್ಲಿ ಅದ್ದಿ ಗೋಡೆಯ ಕೆಳಗಿನ ನಾಲ್ಕು ಅಡಿ, ಕಂಬ, ನೆಲ ಎಲ್ಲ ಕಡೆ ಚಿಮುಕಿಸಿ 15–20 ನಿಮಿಷ ಬಿಡಿ. ಒಣಗುತ್ತಿದ್ದರೆ ಮತ್ತೆ ಚಿಮುಕಿಸಿ. ನೆನೆದರೆ ಕೊಳೆ ತಾನೇ ಸಡಿಲಾಗುತ್ತದೆ. ಪೈಪಿನ ರಭಸದಿಂದ ಮಾಡಿಸುವ ಕೆಲಸವನ್ನು ಇಲ್ಲಿ ಸಮಯ ಮಾಡುತ್ತದೆ.

ಆಮೇಲೆ ಬ್ರಷ್ ಹಾಕಿ ಉಜ್ಜಿ. ಕಾಲಿಗೆ ಜಾರುವ ಜಾಗ ಹುಡುಕಿ. ಅಲ್ಲಿ ಬ್ಯಾಕ್ಟೀರಿಯಾ ತನ್ನ ಸುತ್ತ ಅಂಟಿನ ಪದರ ಕಟ್ಟಿಕೊಂಡು ಕೂತಿರುತ್ತದೆ. ಆ ಪದರ ಇರುವವರೆಗೆ ಯಾವ ಔಷಧಿಯೂ ಒಳಗೆ ಇಳಿಯುವುದಿಲ್ಲ. ಅದಕ್ಕೆ ಬೇಕಾದ್ದು ತೋಳಿನ ಬಲ.

ಪ್ರೆಶರ್ ವಾಷರ್ ಇದ್ದರೆ ಬಳಸಿ, ಆದರೆ ನೆನೆಸಿದ ಮೇಲೆ. ಒಣಗಿದ ಸಗಣಿಗೆ ನೇರವಾಗಿ ಹೊಡೆದರೆ ಅದು ಸೂಕ್ಷ್ಮ ಹನಿಯಾಗಿ ಗೋಡೆಗೂ ಸೂರಿಗೂ ನಿಮ್ಮ ಮೂಗಿಗೂ ಸಿಡಿಯುತ್ತದೆ.

ಗಂಜಲದ ಬಿಳಿ ಪೊರೆ ಗಟ್ಟಿಯಾಗಿದ್ದರೆ ಕೆಲವರು ಬಾತ್‌ರೂಮ್ ಆಸಿಡ್ ಹಾಕುತ್ತಾರೆ. ಹಾಕುವುದಾದರೆ ಆ ದಿನ ಬ್ಲೀಚಿಂಗ್ ಮುಟ್ಟಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಶ್ವಾಸಕೋಶ ಸುಡುತ್ತದೆ.

ಹಂತ 5: ತೊಳೆಯಿರಿ, ನೀರು ಎಳೆಯಿರಿ, ಒಣಗಿಸಿ

ಎತ್ತರದ ಕಡೆಯಿಂದ ಕಾಲುವೆ ಕಡೆಗೆ ನೀರು ಹಾಕಿ. ಹಾಲಿನ ಕ್ಯಾನ್ ಕೊನೆಯ ಸಲ ಜಾಲಿಸಿದ ನೀರು ಇದ್ದರೆ ಮೊದಲ ಸುತ್ತಿಗೆ ಅದನ್ನೇ ಬಳಸಿ, ಎರಡನೇ ಸುತ್ತಿಗೆ ಒಳ್ಳೆಯ ನೀರು ಹಾಕಿ. ಸೋಡ, ಸೋಪು ಪೂರ್ತಿ ಹೋಗಬೇಕು. ಬೆಂಜಲ್ಕೋನಿಯಂ ಅನ್ನುವ ಸೋಂಕುನಾಶಕ ಇರುವ ಔಷಧಿಗಳು ಸೋಪು ತಾಗಿದ ಕೂಡಲೇ ಶಕ್ತಿ ಕಳೆದುಕೊಳ್ಳುತ್ತವೆ. ಗಡಸು ನೀರಿನಲ್ಲೂ ಅವು ಸೋಲುತ್ತವೆ, ಬಯಲುಸೀಮೆಯ ಬೋರ್ ನೀರಿಗೆ ಅವನ್ನು ನಾನು ಹೇಳುವುದಿಲ್ಲ.

ಈಗ ವೈಪರ್ ಹಿಡಿಯಿರಿ. ನಿಂತ ನೀರನ್ನೆಲ್ಲ ಎಳೆದು ಹಾಕಿ. ಒದ್ದೆಯಲ್ಲೇ ಔಷಧಿ ಹೊಡೆದರೆ ನೀವು ಅಳೆದು ಕಲಸಿದ ಪ್ರಮಾಣ ನೆಲದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕನಿಷ್ಠ ಒಂದೆರಡು ಗಂಟೆ ಬಿಡಿ.

ಎಲ್ಲಾದರೂ ನೀರು ಗುಂಡಿಯಾಗಿ ನಿಂತರೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಸು ನಿಲ್ಲುವ ಐದು ಅಡಿ ಉದ್ದಕ್ಕೆ ಒಂದು ಇಂಚಿನಷ್ಟಾದರೂ ಇಳಿಜಾರು ಬೇಕು. ಅರ್ಧ ಚೀಲ ಸಿಮೆಂಟಿನಲ್ಲಿ ಆ ಗುಂಡಿ ಮುಚ್ಚಬಹುದು.

ಮಣ್ಣಿನ ನೆಲದವರಿಗೆ ಈ ದಾರಿ ಬೇರೆ. ಮಣ್ಣಿಗೆ ಬ್ಲೀಚಿಂಗ್ ಸುರಿದರೆ ದಂಡ. ಮೇಲಿನ ಮೂರು ನಾಲ್ಕು ಇಂಚು ಮಣ್ಣು ತೆಗೆದು ತಿಪ್ಪೆಗೆ ಹಾಕಿ. ಸುಣ್ಣ ಉದುರಿಸಿ, ಹೊಸ ಒಣ ಮಣ್ಣು ಹಾಕಿ ದಿಮ್ಮಿಸಿ.

ಹಂತ 6: ಔಷಧಿ ಕಲಸುವುದು

ಬ್ಲೀಚಿಂಗ್ ಪೌಡರ್: ಹೊಸದರಲ್ಲಿ ಸುಮಾರು 30 ಶೇಕಡಾ ಕ್ಲೋರಿನ್ ಇರುತ್ತದೆ. 16 ಲೀಟರ್ ಕ್ಯಾನಿಗೆ 300 ಗ್ರಾಂ ಸಾಕು, 0.5 ಶೇಕಡಾ ಬಲ ಸಿಗುತ್ತದೆ. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಪೌಡರ್ ಹಾಕಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ 20 ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಹಾಕಿ. ಇಲ್ಲದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಚೀಲ ತೆರೆದು ತಿಂಗಳುಗಟ್ಟಲೆ ಇಟ್ಟ ಪೌಡರ್ ಸುಣ್ಣದ ಪುಡಿಗೆ ಸಮ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಬರದಿದ್ದರೆ ಎಸೆದುಬಿಡಿ.

ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ದ್ರಾವಣ: 5 ಶೇಕಡಾದ್ದು ಸಿಕ್ಕರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. 16 ಲೀಟರಿಗೆ 1.6 ಲೀಟರ್. ಕಲಸಿದ್ದನ್ನು ಅದೇ ದಿನ ಮುಗಿಸಿ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ.

ಯಾವಾಗಲೂ ನೀರಿಗೆ ಔಷಧಿ ಹಾಕಿ, ಔಷಧಿಗೆ ನೀರಲ್ಲ. ಎರಡು ಔಷಧಿ ಬೆರೆಸಿದರೆ ಡಬಲ್ ಕೆಲಸ ಮಾಡುತ್ತದೆ ಅನ್ನುವುದು ಸುಳ್ಳು. ಗಂಜಲ ತುಂಬಿದ ಕಾಲುವೆಗೆ ಬ್ಲೀಚಿಂಗ್ ಸುರಿದರೂ ಕಣ್ಣು, ಎದೆ ಉರಿಸುವ ಗ್ಯಾಸ್ ಏಳುತ್ತದೆ. ಅದಕ್ಕೇ ಮೊದಲು ಗಂಜಲ ತೊಳೆಯಲೇಬೇಕು.

ಫಿನಾಯಿಲ್ ಬೇಡವೇ? ಹಾಲು ಕರೆಯುವ ಜಾಗಕ್ಕೆ ಬೇಡ. ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಒಂದು ಸಂಜೆ ಕರೆಯುವ ಮುಂಚೆ ಫಿನಾಯಿಲ್ ಹಾಕಿ, ಆ ಹೊತ್ತಿನ ಅಷ್ಟೂ ಹಾಲು ಡೇರಿಯಿಂದ ವಾಪಸ್ ಬಂದಿದ್ದನ್ನು ನಾನು ಮನೆಯಲ್ಲೇ ಅನುಭವಿಸಿದ್ದೇನೆ.

ಹಂತ 7: ಸಿಂಪಡಿಸಿ, ಕಾಯಿರಿ

ಒಂದು ಚದರ ಮೀಟರಿಗೆ ಸುಮಾರು 300 ಮಿಲಿ ಬೀಳಬೇಕು. ನಮ್ಮ ಕೊಟ್ಟಿಗೆಯ ನೆಲ 200 ಚದರ ಅಡಿ, ನಾಲ್ಕು ಅಡಿ ಎತ್ತರದ ಗೋಡೆ 240 ಚದರ ಅಡಿ. ಒಟ್ಟು ಸುಮಾರು 41 ಚದರ ಮೀಟರ್. ಹನ್ನೆರಡೂವರೆ ಲೀಟರ್ ಸಾಕು, ಒಂದು ಕ್ಯಾನಿನಲ್ಲಿ ಕೆಲಸ ಮುಗಿದು ಕಂಬ, ಬಾಗಿಲಿಗೂ ಉಳಿಯುತ್ತದೆ.

ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಬನ್ನಿ. ನೆಲ 20–30 ನಿಮಿಷ ಒದ್ದೆಯಾಗಿಯೇ ಇರಬೇಕು. ಬೇಸಿಗೆಯಲ್ಲಿ ಹತ್ತೇ ನಿಮಿಷಕ್ಕೆ ಆರಿದರೆ ಇನ್ನೊಂದು ಸುತ್ತು ಹೊಡೆಯಿರಿ. ಔಷಧಿ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಾಯಲು ಸಮಯ ಬೇಕು.

ಗೋಬರ್ ಗ್ಯಾಸ್ ಇರುವವರು ಗಮನಿಸಿ. ಹಂತ 5ರವರೆಗಿನ ತೊಳೆದ ನೀರು ಗ್ಯಾಸ್ ಗುಂಡಿಗೆ ಹೋಗಲಿ, ಸಗಣಿಗೆ ಸಮ ಪ್ರಮಾಣದ ನೀರು ಹೇಗೂ ಬೇಕಲ್ವಾ. ಆದರೆ ಔಷಧಿ ಹೊಡೆಯುವ ಮೊದಲು ಆ ಕಾಲುವೆಗೆ ಅಡ್ಡ ಕಟ್ಟಿ ಬೇರೆ ಕಡೆ ತಿರುಗಿಸಿ. ಗ್ಯಾಸ್ ಮಾಡುವುದೂ ಬ್ಯಾಕ್ಟೀರಿಯಾವೇ. ಜೀವಾಮೃತಕ್ಕೆ ಗಂಜಲ ಹಿಡಿಯುವ ತೊಟ್ಟಿಗೂ ಇದೇ ಮಾತು.

ಹಂತ 8: ಗೋದಲಿ ಮತ್ತು ನೀರಿನ ತೊಟ್ಟಿ

ಅರ್ಧ ಗಂಟೆ ಆದ ಮೇಲೆ ಹಸುವಿನ ಬಾಯಿ ತಾಗುವ ಜಾಗವನ್ನೆಲ್ಲ ಒಳ್ಳೆಯ ನೀರಿನಿಂದ ತೊಳೆಯಿರಿ. ಕಬ್ಬಿಣದ ಕಂಬ, ಸರಪಳಿಯನ್ನೂ ತೊಳೆಯಿರಿ, ಕ್ಲೋರಿನ್ ತುಕ್ಕು ಹಿಡಿಸುತ್ತದೆ. ತೊಟ್ಟಿಯ ಪಾಚಿ ಉಜ್ಜಿ, ಒಳಗೆ ಸುಣ್ಣ ಬಳಿದು ಒಂದು ದಿನ ಒಣಗಿಸಿ ನೀರು ತುಂಬಿ. ಸುಣ್ಣ ಬಳಿಯುವುದು 15 ದಿನಕ್ಕೊಮ್ಮೆ ಆದರೆ ಚೆನ್ನ.

ಹಂತ 9: ಹಸು ಒಳಗೆ ಬರುವ ಮುಂಚೆ

ಮ್ಯಾಟ್ ಪೂರ್ತಿ ಒಣಗಿದೆಯಾ ನೋಡಿ ಹಾಸಿ. ನೆಲಕ್ಕೆ ಅಂಗೈ ಒತ್ತಿ ಎತ್ತಿ, ಕೈ ಒಣಗಿದ್ದರೆ ಹಸು ತರಬಹುದು. ಮೊದಲು ಕರು, ಆಮೇಲೆ ಆರೋಗ್ಯದ ಹಸು, ಕೊನೆಗೆ ಬಾವು ಬಂದ ಹಸು. ದಿನದ ಗುಡಿಸುವಿಕೆಯಲ್ಲೂ ಇದೇ ಸರದಿ ಇರಲಿ. ಕರುವಿನ ಜಾಗಕ್ಕೆ ಪೊರಕೆಯೇ ಬೇರೆ ಇಡಿ. ಕರುಗಳಿಗೆ ಭೇದಿ ತರುವ ಕೆಲವು ಸೂಕ್ಷ್ಮಜೀವಿಗಳು ಕ್ಲೋರಿನ್‌ಗೂ ಬಗ್ಗುವುದಿಲ್ಲ, ಒಣ ನೆಲಕ್ಕೆ ಬಗ್ಗುತ್ತವೆ.

ಕರೆಯುವ ಹೊತ್ತಿಗೆ ಸರಿಯಾಗಿ ಗುಡಿಸಬೇಡಿ, ಧೂಳು ಹಾಲಿಗೆ ಬೀಳುತ್ತದೆ. ಕರೆದ ಮೇಲೆ ಹಸುವಿನ ಮುಂದೆ ಮೇವು ಹಾಕಿ ಅರ್ಧ ಗಂಟೆಯಾದರೂ ನಿಲ್ಲಿಸಿ. ಆಗ ತೊಟ್ಟಿನ ತೂತು ಇನ್ನೂ ತೆರೆದಿರುತ್ತದೆ, ಮಲಗಿದರೆ ಕೊಳೆ ನೇರವಾಗಿ ಒಳಗೆ.

ಕೆಲಸ ಕೆಟ್ಟಿದೆ ಅನ್ನುವ ಗುರುತುಗಳು

ಬೆಳಗ್ಗೆ ಐದಕ್ಕೆ ಕೊಟ್ಟಿಗೆಯೊಳಗೆ ಕುಕ್ಕರಗಾಲಲ್ಲಿ ಕೂತು ಉಸಿರು ಎಳೆಯಿರಿ. ಹಸು ಮಲಗಿದಾಗ ಮೂಗು ಇರುವ ಎತ್ತರ ಅದು. ಕಣ್ಣು ಚುರುಗುಟ್ಟಿದರೆ ಗಂಜಲ ಎಲ್ಲೋ ನಿಂತಿದೆ ಅಂತ ಅರ್ಥ.

ಹಸುವಿನ ಹಿಂಗಾಲು, ಕೆಚ್ಚಲಿನ ಹಿಂಭಾಗಕ್ಕೆ ಸಗಣಿ ಪದೇ ಪದೇ ಅಂಟುತ್ತಿದ್ದರೆ ಬಳಿಯುವುದು ಸಾಲುತ್ತಿಲ್ಲ. ಹಸು ಒದ್ದೆ ಜಾಗ ಬಿಟ್ಟು ಅಡ್ಡಡ್ಡ ಮಲಗುತ್ತಿದ್ದರೆ ಇಳಿಜಾರು ನೋಡಿ. ಹಾಲು ಬೇಗ ಒಡೆಯುತ್ತಿದ್ದರೆ ಕೊಟ್ಟಿಗೆಗಿಂತ ಮೊದಲು ಕ್ಯಾನಿನ ಮುಚ್ಚಳದ ರಬ್ಬರ್ ತೆಗೆದು ಮೂಸಿ ನೋಡಿ. ಔಷಧಿ ಹೊಡೆಯುವಾಗ ನಿಮಗೇ ಕೆಮ್ಮು ಬಂದರೆ ತಕ್ಷಣ ಹೊರಗೆ ಬಂದು ಗಾಳಿಯಲ್ಲಿ ನಿಲ್ಲಿ, ಮುಖ ತೊಳೆಯಿರಿ.

ರೋಗ ಬಂದ ಮನೆಗೆ ಬೇರೆ ನಿಯಮ

ಕಾಲುಬಾಯಿ ಜ್ವರ ಬಂದಿದ್ದರೆ 4 ಶೇಕಡಾ ಬಟ್ಟೆ ಸೋಡದ ದ್ರಾವಣ ಹೊಡೆಯಿರಿ, 16 ಲೀಟರಿಗೆ 640 ಗ್ರಾಂ. ಬಾಗಿಲಲ್ಲಿ ಅದೇ ದ್ರಾವಣದ ಕಾಲದ್ದುವ ತಟ್ಟೆ ಇಡಿ. ಗಂಬೂಟಿನ ಸಗಣಿ ತೊಳೆದು ಆಮೇಲೆ ಅದ್ದಬೇಕು, ದ್ರಾವಣ ಕೊಳಕಾದರೆ ಬದಲಿಸಬೇಕು. ಚರ್ಮಗಂಟು ರೋಗಕ್ಕೆ ನೆಲ ತೊಳೆದರೆ ಮಾತ್ರ ಸಾಲದು, ಅದನ್ನು ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ.

ಹಸು ಕಂದು ಹಾಕಿದರೆ (ಗರ್ಭಪಾತವಾದರೆ) ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ. ಗ್ಲೌಸ್, ಮಾಸ್ಕ್ ಹಾಕಿ ಕಂದು, ಮಾಸು ಎಲ್ಲವನ್ನೂ ಆಳ ಗುಂಡಿಗೆ ಸುಣ್ಣ ಹಾಕಿ ಹೂಳಿ, ನಾಯಿ ಎಳೆಯದಂತೆ ಮೇಲೆ ಕಲ್ಲು ಹೇರಿ. ಆ ಜಾಗದ ಹಾಸು ಹುಲ್ಲನ್ನು ಸುಟ್ಟುಬಿಡಿ. ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ಚೆನ್ನಾಗಿದ್ದ ಹಸು ಇದ್ದಕ್ಕಿದ್ದಂತೆ ಸತ್ತು, ಮೂಗು ಅಥವಾ ಹಿಂಭಾಗದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಪೊರಕೆ, ಬಕೆಟ್ ಯಾವುದನ್ನೂ ಮುಟ್ಟಬೇಡಿ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ದೇಹ ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಾಗಿದರೆ ಆ ಬ್ಯಾಕ್ಟೀರಿಯಾ ಬೀಜಕಣವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ನಾವು ಕಲಸಿದ ತಿಂಗಳ ಔಷಧಿಗೆ ಅದು ಜಗ್ಗುವುದಿಲ್ಲ. ಉಳಿದ ಹಸುಗಳನ್ನು ದೂರ ಕಟ್ಟಿ, ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡದೆ, ಊರಿನ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಬಂದು ಹೇಳುವವರೆಗೆ ಆ ಕೊಟ್ಟಿಗೆಗೆ ನೀರು ಹಾಕಬೇಡಿ.